ಹೊಸಹಳ್ಳಿಯಿಂದ ಅಕ್ಕನಿಗೆ

ಕಾನಹೊಸಹಳ್ಳಿ, ಕೂಡ್ಲಿಗಿ ತಾಲ್ಲೂಕು
ಮಾಘ ಬಹುಳ

 

ಮಳೆಯ ನಾಡಾದ ಹೊಸನಗರದಲ್ಲಿ ಕುಳಿತು ಈ ಕಾಗದವನ್ನೋದುವ ನಿನಗೆ, ಚಿತ್ರದುರ್ಗದಿಂದ ಹೊಸಪೇಟೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ಈ ಊರಿನ ಚಿತ್ರವು ಸುಲಭವಾಗಿ ಮನಸ್ಸಿಗೆ ಬಾರದು. ಕೆಂಪು ನೆಲ, ಬಂಡೆಗಳ ಬೋಳು ಗುಡ್ಡ, ದಾರಿಯ ಬದಿಗೆ ಹುಣಸೆಯ ಮರ, ಸುಗ್ಗಿ ಮುಗಿದ ಶೇಂಗಾ ಮೆಕ್ಕೆಜೋಳದ ಹೊಲಗಳಲ್ಲಿ ಕುರಿಯ ಮಂದೆ. ಇಷ್ಟನ್ನು ಕಲ್ಪಿಸಿಕೊಂಡರೆ ಈ ಸೀಮೆಯ ಬಹುಪಾಲು ನಿನ್ನ ಕಣ್ಣೆದುರಿಗೆ ನಿಂತಂತೆಯೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳೆಂಬ ಐದು ತಾಲ್ಲೂಕುಗಳೂ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ತುಂಗಭದ್ರೆಯ ದಂಡೆಯನ್ನು ಬಿಟ್ಟರೆ ಉಳಿದೆಡೆಯಲ್ಲೆಲ್ಲ ಜನರು ಮುಗಿಲನ್ನು ನಂಬಿಯೇ ಬಾಳಬೇಕು. ಇಂತಹ ಬರಡು ಸೀಮೆಯಲ್ಲಿ ನೆಲವನ್ನೂ ನೀರನ್ನೂ ಕಾಪಾಡುವ ಜನರನ್ನು ಕಂಡು ನನ್ನ ಮನಸ್ಸು ತುಂಬಿಬಂದಿರುವುದರಿಂದ, ಇಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ಅಂಕಸಮುದ್ರದ ಸಂಗತಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಹಳ್ಳಿಗೆ ಹೊಂದಿಕೊಂಡು, ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಕಟ್ಟಿದ, 244 ಎಕರೆ ವಿಸ್ತಾರದ ಕೆರೆಯೊಂದಿದೆ. ಕೆರೆಯ ಅಂಗಳದಲ್ಲಿ ಕರಿಜಾಲಿಯ ಮರಗಳು ನೀರಿನಲ್ಲಿಯೇ ಕಾಲೂರಿ ನಿಂತಿದ್ದು, ನಾಯಿ ನರಿಗಳು ಏರಿ ಬಾರದ ಆ ಮುಳ್ಳುಕೊಂಬೆಗಳಲ್ಲಿ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ನೀರುಕಾಗೆ ಮೊದಲಾದ ಪಕ್ಷಿಗಳು ಗೂಡು ಕಟ್ಟುತ್ತವೆ. ಇಲ್ಲಿ ತಂಗುವ ನೀರುಹಕ್ಕಿಗಳ ಸಂಖ್ಯೆ 30,000ಕ್ಕೂ ಮೀರಿದುದೆಂದೂ, ಕಾಣಸಿಗುವ ಪಕ್ಷಿಪ್ರಭೇದಗಳು 240ರಷ್ಟೆಂದೂ ದಾಖಲೆಗಳು ಹೇಳುತ್ತವೆ. ಸಾಯಂಕಾಲದ ಹೊತ್ತಿಗೆ ಏರಿಯ ಮೇಲೆ ನಿಂತು, ತುಂಗಭದ್ರೆಯ ಹಿನ್ನೀರಿನ ಕಡೆಯಿಂದ ಸಾಲುಸಾಲಾಗಿ ಮರಳುವ ಆ ಗುಂಪುಗಳನ್ನು ನೋಡಿದಾಗ, ಭಾವನೂ ಮಕ್ಕಳೂ ಜೊತೆಯಲ್ಲಿ ಇರಬೇಕಾಗಿತ್ತೆಂದು ಬಹಳವಾಗಿ ಅನಿಸಿತು.

ಈ ಕೆರೆಯು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದ ಮೇರೆಗೆ ಜಗತ್ತಿನ ಮಹತ್ತ್ವದ ಜೌಗುಭೂಮಿಗಳ ಪಟ್ಟಿಯೊಂದನ್ನು ಇರಿಸಿಕೊಂಡು ಬಂದಿದ್ದಾರಷ್ಟೆ. ಆ ಪಟ್ಟಿಗೆ 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಗಳೊಡನೆ ಅಂಕಸಮುದ್ರದ ಹೆಸರೂ ಸೇರಿತು. ಇದಕ್ಕೂ ಮೊದಲು ನಮ್ಮ ರಾಜ್ಯದಿಂದ ಆ ಗೌರವವಿದ್ದುದು ರಂಗನತಿಟ್ಟೊಂದಕ್ಕೇ. ಆದರೆ ಅಕ್ಕ, ನಾನು ಹಿರಿದೆಂದು ಬಗೆಯುವುದು ಈ ಬಿರುದನ್ನಲ್ಲ. ಸಂರಕ್ಷಣಾ ಮೀಸಲೆಂಬ ಈ ಪದ್ಧತಿಯಲ್ಲಿ ಸ್ಥಳೀಯರ ಅಭಿಪ್ರಾಯವನ್ನು ಕೇಳಿಯೇ ಘೋಷಣೆಯಾಗಬೇಕೆಂದೂ, ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿರಬೇಕೆಂದೂ ಕಾನೂನು ವಿಧಿಸಿದೆ. ಎಂದರೆ ಊರವರು ಮನಸ್ಸು ಮಾಡದೆ ಇಂತಹ ಕೆರೆ ಉಳಿಯಲಾರದು. ಹಗರಿಬೊಮ್ಮನಹಳ್ಳಿಯ ಗ್ರೀನ್ ಎಚ್‌ಬಿಎಚ್ ಎಂಬ ಪರಿಸರಾಸಕ್ತರ ಬಳಗವು ಈ ಕೆರೆಯ ವಿಷಯದಲ್ಲಿ ತೋರಿದ ಆಸ್ಥೆಯನ್ನೂ, ತಮ್ಮ ಹೊಲಗದ್ದೆಗಳ ಪಕ್ಕದಲ್ಲಿಯೇ ಸಾವಿರಾರು ಹಕ್ಕಿಗಳಿಗೆ ಎಡೆಗೊಟ್ಟ ರೈತರ ಔದಾರ್ಯವನ್ನೂ ನೆನೆದಾಗ, ನಾಯಕತ್ವವೆಂಬುದು ವೇದಿಕೆಯ ಮೇಲಿರುವವರಿಗಷ್ಟೇ ಸಲ್ಲುವ ಮಾತಲ್ಲವೆಂಬುದು ನನಗೆ ದೃಢವಾಗುತ್ತದೆ. ಹುಲಿಕಲ್ಲು ಕುದೂರಿನ ದಾರಿಯಲ್ಲಿ ಆಲದ ಸಾಲನ್ನು ನೆಟ್ಟು ಬೆಳೆಸಿ 2019ರಲ್ಲಿ ಪದ್ಮಶ್ರೀಯನ್ನು ಪಡೆದ ತಿಮ್ಮಕ್ಕನವರೂ ಕೂಲಿನಾಲಿ ಮಾಡಿ ಬದುಕಿದ ತಾಯಿಯೇ ಅಲ್ಲವೆ?

ಇನ್ನು ಕಸದ ಮಾತು. ಹಿಂದಿನ ಹಳ್ಳಿಯಲ್ಲಿ ಕಸವೆಂಬುದು ಬೇರೆಯಾಗಿ ಇರಲೇ ಇಲ್ಲವೆನ್ನಬೇಕು: ಒಲೆಯ ಬೂದಿ, ಕೊಟ್ಟಿಗೆಯ ಸಗಣಿ, ದನ ತಿಂದುಳಿದ ಸೊಪ್ಪೆ ಎಲ್ಲವೂ ತಿಪ್ಪೆಗೆ ಸೇರಿ, ಮುಂಗಾರಿನ ಮುನ್ನ ಬಂಡಿಯೇರಿ ಹೊಲಕ್ಕೆ ಹೋಗುತ್ತಿದ್ದುವು. ಈಗ ಆ ತಿಪ್ಪೆಯಲ್ಲಿಯೇ ಗುಟ್ಕಾದ ಚೀಟಿ, ಶಾಂಪೂವಿನ ಪೊಟ್ಟಣ, ಹಾಲಿನ ಕವರುಗಳು ಬೆರೆತು ಗೊಬ್ಬರದೊಡನೆ ಹೊಲವನ್ನು ಸೇರುತ್ತಿವೆ. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಮ್ಮ ಸರ್ಕಾರವು 2016ರಲ್ಲಿಯೇ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪದಾರ್ಥಗಳನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿತು. ಆದರೂ ಈ ಮಾಸದಲ್ಲಿ ಕೊಟ್ಟೂರೇಶ್ವರನ ರಥೋತ್ಸವಕ್ಕೆಂದು ನಡೆದೇ ಬರುವ ಭಕ್ತರಿಗೆ ದಾರಿಯುದ್ದಕ್ಕೂ ಪುಣ್ಯವಂತರು ಅನ್ನ ನೀರುಗಳನ್ನಿಟ್ಟು ಸೇವೆ ಮಾಡುವಲ್ಲಿ, ಸೇವೆಯ ಮರುದಿನ ಉಳಿಯುವುದು ಆ ಲೋಟಗಳ ರಾಶಿಯೇ. ಮುತ್ತುಗದ ಎಲೆಯೂ ಸ್ಟೀಲಿನ ಲೋಟವೂ ಈ ನಾಡಿನಲ್ಲಿ ದುರ್ಲಭವಾದುವೇನಲ್ಲ. ದಾಸೋಹದವರೇ ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ಈ ರೂಢಿಯು ಬದಲಾದೀತು.

ಇದರ ನಡುವೆ ನನಗೆ ಭರವಸೆ ಕೊಟ್ಟುದು ಸ್ವಚ್ಛವಾಹಿನಿಯೆಂಬ ಕಸದ ಗಾಡಿಗಳ ಹೆಣ್ಣುಮಕ್ಕಳು. ಪಂಚಾಯಿತಿಗಳು ಕಸದ ಗಾಡಿಗಳನ್ನೂ ಒಣಕಸವನ್ನು ಬೇರ್ಪಡಿಸುವ ಘಟಕಗಳನ್ನೂ ಸ್ತ್ರೀಯರ ಸ್ವಸಹಾಯ ಸಂಘಗಳಿಗೆ ವಹಿಸಿಕೊಡುತ್ತಿರುವುದು ನಿನಗೆ ತಿಳಿದದ್ದೇ. ಈ ಕಡೆಯ ಹಳ್ಳಿಯೊಂದರಲ್ಲಿ, ಸೀರೆಯ ಮೇಲೆ ಖಾಕಿಯ ಅಂಗಿಯನ್ನು ತೊಟ್ಟು ತಾನೇ ಗಾಡಿ ನಡೆಸುತ್ತಿದ್ದ ತಾಯಿಯೊಬ್ಬಳನ್ನು ಮಾತನಾಡಿಸಿದೆ. “ಕಸ ಒಯ್ಯಾಕ ನನಗ ನಾಚಿಕಿ ಇಲ್ರಿ, ಹಸೀದು ಒಣದು ಕಲಸಿ ಕೊಡತಾರಲ್ರಿ, ಅದಕ್ಕ ಸಂಕಟ” ಎಂದಳು. ಕಲೆಸಿದ ಕಸವನ್ನು ಬರಿಗೈಯಲ್ಲಿ ಬಿಡಿಸಬೇಕಾದವಳು ಅವಳೇ. ಒಡೆದ ಗಾಜಿಗೂ ಮಕ್ಕಳ ಡೈಪರಿಗೂ ಮೊದಲು ತಗಲುವುದು ಅವಳ ಬೆರಳೇ. ಇಂತಹವಳಿಗೆ ಗಾಂಧಿ ಜಯಂತಿಯ ದಿನ ಶಾಲು ಹೊದಿಸಿ, ಮರುದಿನ ಹಸಿ ಒಣ ಬೆರೆಸಿದ ಬಕೆಟ್ಟನ್ನು ಮುಂದಿಡುವುದು ಯಾವ ಗೌರವ? ಗಾಂಧೀಜಿಯ ಚಿತಾಭಸ್ಮವನ್ನಿರಿಸಿದ ಸ್ಮಾರಕವು ಕೂಡ್ಲಿಗಿಯಲ್ಲಿದೆ. ತಮ್ಮ ಆಶ್ರಮದ ಶೌಚಾಲಯಗಳ ಶುಚಿಯನ್ನು ಆಶ್ರಮವಾಸಿಗಳೇ ಮಾಡಬೇಕೆಂದು ವಿಧಿಸಿದ ಮಹಾತ್ಮರಿಗೆ ಸ್ಮಾರಕವಿರುವ ಈ ತಾಲ್ಲೂಕಿನಲ್ಲಿ, ಆ ತಾಯಿಯ ಕೆಲಸವನ್ನು ಕೀಳೆಂದು ಕಾಣುವವರು ಒಬ್ಬರೂ ಇರಬಾರದೆಂಬುದು ನನ್ನ ಮನಸ್ಸಿನ ಆಶೆ.

ನಿಮ್ಮ ಕಡೆಯಿಂದ ಘಟ್ಟವಿಳಿದು ಕೊಲ್ಲೂರನ್ನು ದಾಟಿದರೆ ಕುಂದಾಪುರದ ದಾರಿಯಲ್ಲಿ ವಂಡ್ಸೆ ಸಿಗುತ್ತದಲ್ಲ, ಅಲ್ಲಿಯ ಪಂಚಾಯಿತಿಯು ಮನೆಮನೆಯ ಕಸವನ್ನು ಬೇರ್ಪಡಿಸಿ ಪಡೆದು ಅದನ್ನು ಸಂಪನ್ಮೂಲವಾಗಿಸುವ ಕೆಲಸದಲ್ಲಿ ಹೆಸರಾಗಿದೆ. ನೀನು ಪಂಚಾಯಿತಿಯ ಸದಸ್ಯೆ. ನಿನ್ನ ಮಾತಿಗೆ ಸಭೆಯಲ್ಲಿ ತೂಕವಿದೆ. ಮುಂದಿನ ಸಭೆಯಲ್ಲಿ ಮೂರು ವಿಷಯಗಳನ್ನೆತ್ತು: ಗಾಡಿಯ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳವು ತಪ್ಪದೆ ಸಲ್ಲಲಿ, ಕೈಗವಸೂ ಬೂಟುಗಳೂ ದೊರೆಯಲಿ, ಅವರನ್ನೇ ಪಂಚಾಯಿತಿಯ ಖರ್ಚಿನಲ್ಲಿ ಒಮ್ಮೆ ವಂಡ್ಸೆಗೆ ಕಳುಹಿಸಿಕೊಡಿರಿ. ಹಾಗೆಯೇ ಹಸಿ ಕಸ, ಒಣ ಕಸಗಳ ಎರಡು ಬುಟ್ಟಿಗಳನ್ನು ನಮ್ಮ ಮನೆಯ ಹಿತ್ತಿಲಿನಲ್ಲಿ ಈ ವಾರವೇ ಇರಿಸು. ಅಮ್ಮನಿಗೂ ತಿಳಿಸಿ ಹೇಳು.

ಇತಿ ನಿನ್ನ ಪ್ರೀತಿಯ ತಮ್ಮ