ನೋಡಾಕೆ ಒಂದೇ ಬಣ್ಣ

ಹೋದ ಡಿಸೆಂಬರಿನಲ್ಲಿ ಒಂದು ಭಾನುವಾರದ ಪುರವಣಿ ನನ್ನ ಕೈಗೆ ಸಿಕ್ಕಿತು. ಓದುವುದಕ್ಕೆಂದು ಸಿಕ್ಕಿದ್ದಲ್ಲ, ಕಡಲೆಕಾಯಿಯ ಪೊಟ್ಟಣವಾಗಿ ಸಿಕ್ಕಿದ್ದು. ಬಿಡಿಸಿ ನೋಡಿದರೆ ಒಳಗೆ ಒಬ್ಬ ಹೆಣ್ಣುಮಗಳು ನಗುತ್ತಿದ್ದಳು. ತಲೆಗೆ ಉಣ್ಣೆಯ ಟೋಪಿ, ಮೈಗೆ ಉಣ್ಣೆಯ ಸ್ವೆಟರು, ಕತ್ತಿಗೆ ಮಫ್ಲರು, ಕಾಲಿಗೆ ಚೀಲ. ಎಲ್ಲವೂ ಒಂದೇ ಬಣ್ಣ, ಒಂದೇ ಹೆಣಿಗೆ. ಚಳಿಗಾಲದಲ್ಲಿ ಚೆಂದ ಕಾಣಬೇಕಾದರೆ ತೊಟ್ಟ ಉಣ್ಣೆಯೆಲ್ಲ ಒಂದಕ್ಕೊಂದು ಮ್ಯಾಚ್ ಆಗಬೇಕು ಅಂತ ಪಕ್ಕದಲ್ಲಿ ಬರೆದಿತ್ತು. ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಆಮೇಲೆ, ಸುಳ್ಳು ಯಾಕೆ ಹೇಳಲಿ, ಆಸೆ ಬಂತು.

ಆಸೆಯ ಬಗ್ಗೆ ನಾವು ಇಂಥ ಪತ್ರಿಕೆಗಳಲ್ಲಿ ಬರೆಯುವುದು ಕಡಿಮೆ. ಹಸಿವಿನ ಬಗ್ಗೆ ಬರೆಯುತ್ತೇವೆ, ಅವಮಾನದ ಬಗ್ಗೆ ಬರೆಯುತ್ತೇವೆ, ಭೂಮಿಯ ಬಗ್ಗೆ ಬರೆಯುತ್ತೇವೆ. ಮ್ಯಾಚಿಂಗ್ ಸ್ವೆಟರಿನ ಬಗ್ಗೆ ಬರೆದರೆ ಸಂಗಾತಿಗಳು ಇವನು ಕೆಟ್ಟ ಅಂದಾರು. ಅನ್ನಲಿ.

ನಮ್ಮದು ಶಿರಾ ಸೀಮೆಯ ಒಂದು ಹಳ್ಳಿ. ಬಿಸಿಲಿನ ನಾಡು ಅಂತ ಹೊರಗಿನವರು ತಿಳಿದಿದ್ದಾರೆ. ಮಾರ್ಗಶಿರದ ಬೆಳಗಿನ ಜಾವ ನಮ್ಮ ಕೇರಿಗೆ ಬಂದು ನೋಡಬೇಕು. ಬಯಲು ಸೀಮೆಯ ಚಳಿಗೆ ಅಡ್ಡ ಹಾಕಲು ಗುಡ್ಡವಿಲ್ಲ, ಮರವಿಲ್ಲ. ನೇರ ಬಂದು ಎದೆಗೆ ಒದೆಯುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಒಂದು ಕಂಬಳಿ ಇತ್ತು. ನಡುವೆ ಮಲಗಿದವರು ಪುಣ್ಯವಂತರು. ಅಂಚಿಗೆ ಮಲಗುತ್ತಿದ್ದದ್ದು ಯಾವಾಗಲೂ ಅವ್ವ.

ಆ ಕಂಬಳಿ ಚಳ್ಳಕೆರೆ ಸಂತೆಯದು. ನಮ್ಮ ಕಡೆಯ ಕುರಿಯ ಉಣ್ಣೆ ಒರಟು, ಬಣ್ಣ ಹುಟ್ಟಾ ಕಪ್ಪು. ಕುರಿಗೆ ವರ್ಷಕ್ಕೆರಡು ಸಲ ಕತ್ತರಿ ಹಾಕಿ, ಹೆಂಗಸರು ನೂತು, ಗಂಡಸರು ಕುಳಿಮಗ್ಗದಲ್ಲಿ ಕೂತು ನೇಯುತ್ತಾರೆ. ನೂಲಿಗೆ ಹುಣಸೆಬೀಜದ ಗಂಜಿ ಕುಡಿಸುತ್ತಾರೆ. ಅದಕ್ಕೇ ಹೊಸ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತದೆ. ಕೊಪ್ಪೆ ಹಾಕಿಕೊಂಡರೆ ಮಳೆ ಜಾರಿ ಹೋಗುತ್ತದೆ. ಉಣ್ಣೆ ತಾನಾಗಿ ಬಿಸಿಯಲ್ಲ. ಅದರ ಎಳೆ ಗುಂಗುರು. ಆ ಗುಂಗುರಿನ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡು ಮೈಯ ಕಾವು ಹೊರಗೆ ಹೋಗದ ಹಾಗೆ ಕಾಯುತ್ತದೆ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಕುಡಿದರೂ ಮುಟ್ಟಿದವರಿಗೆ ಒದ್ದೆ ಅನ್ನಿಸದು. ಇದನ್ನು ನಾನು ಕಾಲೇಜಿನಲ್ಲಿ ಓದಿ ತಿಳಿದೆ. ಕುರಿ ಕಾಯುವವನು ಓದದೆ ತಿಳಿದಿದ್ದ.

ಇನ್ನೊಂದು ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಉಣ್ಣೆಗೆ ಮೈಲಿಗೆ ಇಲ್ಲ. ಮಡಿಯ ಮನೆಗಳಲ್ಲಿ ಧಾಬಳಿ ಅಂತ ಉಡುತ್ತಾರಲ್ಲ, ಅದು ಉಣ್ಣೆ. ಹತ್ತಿಯ ಪಂಚೆ ಯಾರೋ ಮುಟ್ಟಿದರೆ ಕೆಡುತ್ತದೆ, ಧಾಬಳಿ ಕೆಡುವುದಿಲ್ಲ. ಎಂಥ ಪವಿತ್ರ ಪ್ರಾಣಿ ಈ ಕುರಿ! ಅದರ ಕೂದಲಿಗಿರುವ ಭಾಗ್ಯ ನಮ್ಮಜ್ಜನ ಕೈಗೆ ಇರಲಿಲ್ಲ. ಅದೇ ಉಣ್ಣೆಯ ಕಂಬಳಿ ಹಾಸಿದ ಚಾವಡಿಯ ಕೆಳಗೆ, ಮಣ್ಣಿನಲ್ಲಿ, ಅಜ್ಜ ಕುಕ್ಕುರುಗಾಲಲ್ಲಿ ಕೂರುತ್ತಿದ್ದ.

ಅಜ್ಜ ಊರಿನ ತೋಟಿ. ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳನ್ನೆಲ್ಲ ತೆಗೆದುಹಾಕುವ ಕಾನೂನು 1961ರಲ್ಲೇ ಆಯಿತು. ಹುದ್ದೆ ಹೋಯಿತು, ಚಾಕರಿ ಹೋಗಲಿಲ್ಲ. ಚಾಕರಿಗೆ ಕೂಲಿಯಾಗಿ ಪಟೇಲರ ಮನೆಯಿಂದ ಅವನಿಗೊಂದು ಉಣ್ಣೆಯ ಕೋಟು ಬಂದಿತ್ತು. ಒಳಗಿನ ಅಸ್ತರಿ ಹರಿದದ್ದು, ಒಂದು ಮೊಣಕೈ ಕಾಣುವಂಥದ್ದು. ಆ ಕೋಟಿನ ಜೊತೆಗೆ ಹುಟ್ಟಿದ ಷರಾಯಿ ಪಟೇಲರ ಮನೆಯಲ್ಲೇ ಉಳಿಯಿತು. ಮೇಲೆ ಪಟೇಲನ ಕೋಟು, ಕೆಳಗೆ ಅಜ್ಜನದೇ ಲಂಗೋಟಿ. ಆ ವೇಷದಲ್ಲಿ ಅವನು ತಮಟೆ ಹಿಡಿದು ಬೀದಿಯಲ್ಲಿ ಸಾರಿಕೊಂಡು ಹೋಗುತ್ತಿದ್ದರೆ ಹುಡುಗರು ನಗುತ್ತಿದ್ದರಂತೆ. ಅವ್ವ ಇದನ್ನು ಹೇಳುವಾಗ ತಾನೂ ನಗುತ್ತಾಳೆ.

ಪೊಟ್ಟಣದ ಹೆಣ್ಣುಮಗಳನ್ನು ನೋಡುವಾಗ ನನಗೆ ಈ ಕೋಟು ನೆನಪಾಯಿತು. ಮ್ಯಾಚಿಂಗ್ ಅಂದರೆ ಏನು? ಎರಡನ್ನೂ ಒಟ್ಟಿಗೆ, ತನಗೆ ಬೇಕೆಂದು ಕೊಂಡುಕೊಂಡವರಿಗೆ ಮಾತ್ರ ಬರುವಂಥದ್ದು. ಬೇರೆಯವರು ಉಟ್ಟು ಬಿಟ್ಟದ್ದು ಯಾವತ್ತೂ ಜೋಡಿಯಾಗಿ ಬರುವುದಿಲ್ಲ. ಕೋಟು ಒಂದು ಮನೆಯಿಂದ, ಅಂಗಿ ಇನ್ನೊಂದು ಮನೆಯಿಂದ, ಚಪ್ಪಲಿ ತಿಪ್ಪೆಯಿಂದ. ನಾವು ಮೈತುಂಬ ಬಟ್ಟೆ ಹಾಕಿಕೊಂಡಿದ್ದರೂ ನೋಡಿದವರು ಇವನು ಯಾರವನು ಅಂತ ದೂರದಿಂದಲೇ ಹೇಳಬಹುದಾಗಿತ್ತು. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಇದನ್ನೇ ವಿಧಿಸಿದೆ: ಚಂಡಾಲನಿಗೆ ಹೆಣದ ಮೇಲಿನ ಬಟ್ಟೆ, ಒಡೆದ ಪಾತ್ರೆಯಲ್ಲಿ ಊಟ, ಕಬ್ಬಿಣದ ಒಡವೆ. ಬರೆದವನಿಗೆ ಬಟ್ಟೆಯ ಶಕ್ತಿ ಚೆನ್ನಾಗಿ ಗೊತ್ತಿತ್ತು.

ಡಿಸೆಂಬರಿನಲ್ಲಿ ನನಗೆ ಅತಿಥಿ ಉಪನ್ಯಾಸಕನ ಮೊದಲ ಸಂಬಳ ಬಂತು, ಮೂರು ತಿಂಗಳದ್ದು ಒಟ್ಟಿಗೆ. ಬೆಂಗಳೂರಿನಲ್ಲಿ ಚಳಿಗಾಲ ಬಂದರೆ ಟಿಬೆಟಿನವರು ರಸ್ತೆ ಬದಿಯಲ್ಲಿ ಸ್ವೆಟರು ಹರಡುತ್ತಾರೆ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆ ಕಂಡ ನಿರಾಶ್ರಿತರ ಮಕ್ಕಳು, ಮೊಮ್ಮಕ್ಕಳು. ಸರಕು ಟಿಬೆಟಿನದಲ್ಲ, ಹೆಚ್ಚಿನದು ಪಂಜಾಬಿನ ಲೂಧಿಯಾನದ್ದು. ಊರು ಕಳೆದುಕೊಂಡ ಹೆಂಗಸೊಬ್ಬಳ ಹತ್ತಿರ ನಾನು ಚೌಕಾಸಿ ಮಾಡಿ ಅವ್ವನಿಗೆ ಒಂದು ಸೆಟ್ಟು ಕೊಂಡೆ. ಮುಂದೆ ಗುಂಡಿ ಇರುವ ಸ್ವೆಟರು, ಶಾಲು, ಕಾಲುಚೀಲ. ಮೂರೂ ನೀಲಿ. ನಮ್ಮ ನೀಲಿ. "ಪ್ಯೂರ್ ವುಲನ್ ಅಣ್ಣಾ" ಅಂದಳು ಆ ತಾಯಿ, ಸ್ವಚ್ಛ ಕನ್ನಡದಲ್ಲಿ.

ಅವ್ವ ಬಿಚ್ಚಿ ನೋಡಿದಳು. ಮೂಸಿದಳು. ಸ್ವೆಟರಿನ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಒಲೆಗೆ ಹಿಡಿದಳು. ಚಟಪಟ ಸುಟ್ಟು ಬೂದಿಯಾಯಿತು, ಬೆರಳಲ್ಲಿ ಉಜ್ಜಿದರೆ ಪುಡಿ. "ಹೂಂ, ಕುರಿ ತಲೆಕಾಲು ಸುಟ್ಟ ವಾಸನೆ ಐತೆ, ಇದು ದಿಟದ ಉಣ್ಣೆ" ಅಂದಳು. ಶಾಲಿನ ಎಳೆ ಹಿಡಿದಳು. ಅದು ಕರಗಿ ತುದಿಯಲ್ಲಿ ಕರೀ ಮಣಿಯ ಹಾಗೆ ಗಂಟು ಕಟ್ಟಿತು. "ಇದು ಪ್ಲಾಸ್ಟಿಕ್ಕು." ಕಾಲುಚೀಲಕ್ಕೆ ಪರೀಕ್ಷೆಯೇ ಬೇಡವೆಂದು ಪಕ್ಕಕ್ಕಿಟ್ಟಳು.

"ಮ್ಯಾಚಿಂಗ್ ಕಣವ್ವ" ಅಂದೆ.

"ಊಂ ಕಣಪ್ಪ. ನೋಡಾಕೆ ಒಂದೇ ಬಣ್ಣ. ಜಾತಿ ಬ್ಯಾರೆ."

ಅವತ್ತು ರಾತ್ರಿ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಶಾಲು ಪ್ಲಾಸ್ಟಿಕ್ಕಾದರೂ ಬೆಚ್ಚಗಿತ್ತು. ದಪ್ಪದ್ದು ಒಂದು ಹೊದೆಯುವುದಕ್ಕಿಂತ ತೆಳುವಿನದು ಎರಡು ಹೊದೆದರೆ ನಡುವಿನ ಗಾಳಿಯೂ ಒಂದು ಬಟ್ಟೆಯಾಗುತ್ತದಲ್ಲ. ಅವ್ವ ಮೂರನ್ನೂ ಹಾಕಿಕೊಂಡು ಗೋಡೆಯ ಅಂಗೈಯಗಲದ ಕನ್ನಡಿಯಲ್ಲಿ ಮೊದಲು ಭುಜ ನೋಡಿಕೊಂಡಳು, ಆಮೇಲೆ ಎದೆ, ಆಮೇಲೆ ಸ್ಟೂಲು ಹತ್ತಿ ಕಾಲು ನೋಡಿಕೊಂಡಳು. ಐವತ್ತು ದಾಟಿದ ಹೆಂಗಸು. ಅವಳು ತನ್ನನ್ನು ಹಾಗೆ ತುಂಡು ತುಂಡಾಗಿ ಪೂರ್ತಿ ನೋಡಿಕೊಂಡದ್ದನ್ನು ನಾನು ಮೊದಲ ಸಲ ಕಂಡೆ.

ಸಂಕ್ರಾಂತಿಗೆ ಊರಿಗೆ ಹೋದೆ. ಅದು ಅಡಿಕೆ ಸುಲಿಯುವ ಕಾಲ. ಇನ್ನೂ ಕತ್ತಲಿರುವಾಗಲೇ ಹೆಂಗಸರು ಹೋಗಿ ಗೌಡರ ಕಣದಲ್ಲಿ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಅವ್ವ ಹೊರಟಿದ್ದಳು. ಮೈಮೇಲೆ ನಮ್ಮಪ್ಪನ ಹಳೇ ತುಂಬುತೋಳಿನ ಅಂಗಿ. ಕೂಲಿಗೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಅಂಗಿ ತೊಡುವುದು ನಿಮಗೆಲ್ಲ ಗೊತ್ತು. ಆದರೆ ಕತ್ತಿನ ಪಟ್ಟಿಯ ಹತ್ತಿರ ಒಂದು ಬೆರಳಿನಷ್ಟು ನೀಲಿ ಇಣುಕುತ್ತಿತ್ತು. ನೋಡಿದರೆ, ಸ್ವೆಟರು ಒಳಗೆ, ಹರಿದ ಅಂಗಿ ಮೇಲೆ.

"ಯಾಕವ್ವಾ? ಕಾಣ್ಲಿ ಅಂತ ತಂದ್ರೆ ಮುಚ್ಕಂಡಿದ್ದೀಯಾ?"

ಕರೆ ಹತ್ತುತ್ತದೆ ಅಂದಳು. ಅಡಿಕೆಯ ಕರೆ ಹತ್ತುವುದು ನಿಜ. ಆದರೆ ಅವಳು ನನ್ನ ಮುಖ ನೋಡಿ ಹೇಳಲಿಲ್ಲ. ಪಕ್ಕದ ಮನೆಯ ಚಿಕ್ಕವ್ವ ಒಲೆಯ ಮುಂದಿನಿಂದಲೇ ಕೂಗಿ ಹೇಳಿದಳು. ಮೊದಲ ದಿನ ಅವ್ವ ಮೂರನ್ನೂ ಹಾಕಿಕೊಂಡು ಕಣಕ್ಕೆ ಹೋಗಿದ್ದಳು. ಗೌಡ್ತಿ ಬೈಯಲಿಲ್ಲವಂತೆ. ಕರೆದು, ಸುತ್ತ ತಿರುಗಿಸಿ, ಎಲ್ಲರಿಗೂ ತೋರಿಸಿ, "ನೋಡ್ರೇ, ನಮ್ಮ ಕಣಕ್ಕೆ ಮೇಡಮ್ಮೋರು ಬಂದವ್ರೆ, ಕುರ್ಚಿ ಹಾಕ್ರೇ" ಅಂದಳಂತೆ. ಎಲ್ಲರೂ ನಕ್ಕರು. ನಮ್ಮ ಕೇರಿಯ ಹೆಂಗಸರೂ ನಕ್ಕರು. ನಕ್ಕವರಲ್ಲಿ ತಾನೂ ಒಬ್ಬಳು ಅಂತ ಚಿಕ್ಕವ್ವ ಒಪ್ಪಿಕೊಂಡಳು. ಅವತ್ತು ಸಂಜೆ ಲೆಕ್ಕ ಮಾಡುವಾಗ ಅವ್ವನ ಬುಟ್ಟಿಗಳಲ್ಲಿ ಎರಡು ಕಮ್ಮಿ ಬಂದವು. ಮೇಡಮ್ಮೋರಿಗೆ ಎರಡು ಬುಟ್ಟಿ ಯಾವ ಲೆಕ್ಕ!

ನಾನು ಕುದಿದೆ. ಈಗಲೇ ಹೋಗಿ ಕೇಳುತ್ತೇನೆ ಅಂದೆ. ಅವ್ವ ಬಾಗಿಲಲ್ಲಿ ನಿಂತು ಹೇಳಿದಳು:

"ನಿಂಗೇನ್ಲಾ, ಕೇಳ್ತೀಯ. ಕೇಳಿ ಬೆಂಗ್ಳೂರ್ ಬಸ್ ಹತ್ತೀಯ. ನಾಳೀಕೆ ಕತ್ತಿ ಮುಂದೆ ಕೂರಾಳು ನಾನು. ಇನ್ನೂ ಒಂದ್ ತಿಂಗಳ ಅಡಿಕೆ ಐತೆ."

ನಾನು ಹೋಗಲಿಲ್ಲ. ಇದನ್ನು ಮುಚ್ಚಿಟ್ಟು ಈ ಬರಹ ಬರೆದರೆ ಅದು ಕಳ್ಳಬರಹ. ಹೋಗಲಿಲ್ಲ, ಮನೆಯಲ್ಲಿ ಕೂತು ಕವಿತೆ ಬರೆದೆ. ಕವಿತೆ ಅಚ್ಚಾಯಿತು, ಇಬ್ಬರು ಗೆಳೆಯರು ಮೆಚ್ಚಿ ಕಾಗದ ಬರೆದರು. ಎರಡು ಬುಟ್ಟಿಯ ಕೂಲಿ ವಾಪಸು ಬರಲಿಲ್ಲ.

ಆ ದಿನಗಳಲ್ಲಿ ನಾನು ಬಾಬಾಸಾಹೇಬರ ಕೋಟಿನ ಬಗ್ಗೆ ಬಹಳ ಯೋಚಿಸಿದೆ. ಸೂಟು ಅಂದರೆ ಮತ್ತೇನು? ಕೋಟು, ಷರಾಯಿ, ಒಳಗಿನ ವೇಸ್ಟ್‌ಕೋಟು ಎಲ್ಲವನ್ನೂ ಒಂದೇ ತಾನಿನಿಂದ ಕತ್ತರಿಸಿ ಹೊಲಿದದ್ದು. ತಂಪುದೇಶದ ಮ್ಯಾಚಿಂಗ್ ಉಣ್ಣೆ. 1931ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಗೆ ಗಾಂಧಿ ತುಂಡುಪಂಚೆ, ಶಾಲಿನಲ್ಲಿ ಹೋದರು, ಅಂಬೇಡ್ಕರ್ ಸೂಟಿನಲ್ಲಿ ಹೋದರು. ಗಾಂಧಿಯ ಸರಳತೆಯನ್ನು ಜಗತ್ತು ಹೊಗಳಿತು. ನಾನು ಜರೆಯುವುದಿಲ್ಲ. ಆದರೆ ಬಡವನ ಬಟ್ಟೆ ಅವರು ಆರಿಸಿಕೊಂಡದ್ದು. ನಮ್ಮಜ್ಜನ ಲಂಗೋಟಿಗೆ ಆರಿಸುವ ಮಾತೆಲ್ಲಿತ್ತು? ಇರುವವನು ಬಿಚ್ಚಿದರೆ ತ್ಯಾಗ, ಇಲ್ಲದವನು ತೊಟ್ಟರೆ ಶೋಕಿ!

ಹಾಗಂತ ಸೂಟು ತೊಟ್ಟ ಮಾತ್ರಕ್ಕೆ ಎಲ್ಲ ಆಗಿಬಿಟ್ಟಿತು ಅಂತಲೂ ಅಲ್ಲ. ಅಮೆರಿಕ, ಲಂಡನ್ನಿನಲ್ಲಿ ಓದಿ ಬರೋಡದ ಕೆಲಸಕ್ಕೆ ಬಂದ ಆ ಮನುಷ್ಯನನ್ನು ಪಾರ್ಸಿಗಳ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದವರು ಹೊರಡಿಸಿದರು. ಬಟ್ಟೆ ಜಾತಿಯನ್ನು ಮುಚ್ಚುತ್ತದೆ ಅಷ್ಟೆ, ಯಾರಾದರೂ ಎಳೆ ಕಿತ್ತು ಒಲೆಗೆ ಹಿಡಿಯುವವರೆಗೆ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟ ಸಮಾವೇಶದ ದಿನಗಳಲ್ಲೇ, ಅಲ್ಲಿ ಸೇರಿದ ನಮ್ಮ ಹೆಂಗಸರಿಗೆ ಅವರು ಬಟ್ಟೆಯ ವಿಷಯ ಹೇಳಿದರು. ಉಡುಗೆ ನೋಡಿ ಜಾತಿ ಹೇಳುವ ಹಾಗೆ ಉಡಬೇಡಿ, ಜಾತಿಯ ಗುರುತಾದ ಆ ಭಾರದ ಒಡವೆಗಳನ್ನು ಬಿಡಿ ಅಂದರು. ಕೇಳಿದ ಹೆಂಗಸರು ಸೀರೆ ಉಡುವ ರೀತಿಯನ್ನೇ ಬದಲಿಸಿಕೊಂಡರು ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ಗ್ರಂಥ ಸುಡುವ ಕೆಲಸದ ನಡುವೆ ಸೀರೆಯ ನೆರಿಗೆಯ ಮಾತಿಗೂ ಅವರಿಗೆ ಪುರಸೊತ್ತಿತ್ತು. ನಮ್ಮ ಸಭೆಗಳಲ್ಲಿ ನಮಗೆ ಇಲ್ಲ.

ಇದನ್ನೆಲ್ಲ ನಾನು ಅವ್ವನಿಗೆ ಕಾಗದದಲ್ಲಿ ಬರೆಯಲಿಲ್ಲ, ಅವಳಿಗೆ ಓದು ಬರದು. ಶಿವರಾತ್ರಿಗೆ ಹೋದಾಗ ಮಾತಿಗೆ ಮಾತು ಬಂದು ಹೇಳಿದೆ. ಅವಳು ಸ್ವೆಟರನ್ನು ಅಂಟುವಾಳದ ನೊರೆಯಲ್ಲಿ ಅದ್ದುತ್ತಿದ್ದಳು. ಬಿಸಿನೀರು ಹಾಕಿ ಉಜ್ಜಿದರೆ ಉಣ್ಣೆಯ ಎಳೆ ಒಂದಕ್ಕೊಂದು ಹೆಣೆದುಕೊಂಡು ಕುಗ್ಗುತ್ತದೆ, ಹಿಂಡಿ ನೇತುಹಾಕಿದರೆ ಜೋಲುತ್ತದೆ. ತಣ್ಣೀರಲ್ಲಿ ಅದ್ದಿ ಚಾಪೆಯ ಮೇಲೆ ಹರಡಬೇಕು. ಇದೆಲ್ಲ ಅವಳಿಗೆ ಗೊತ್ತು, ಗೌಡರ ಮನೆಯ ಉಣ್ಣೆ ಒಗೆದು ಗೊತ್ತು. ಒಣಗಿದ ಮೇಲೆ ಬೇವಿನ ಸೊಪ್ಪು ಇಟ್ಟು ಮಡಿಸಿ ಟ್ರಂಕಿಗೆ ಹಾಕಿದಳು. "ಹೆಂಗಸ್ರಿಗೆ ಹಂಗಂದ್ರಾ ಅವ್ರು?" ಅಂತ ಒಂದೇ ಮಾತು ಕೇಳಿದಳು. ಹೂಂ ಅಂದೆ. ಚಳಿ ಮುಗಿದಿತ್ತು.

ಏಪ್ರಿಲ್ 14. ನಮ್ಮ ಸೀಮೆಯ ಏಪ್ರಿಲ್ ಬಿಸಿಲನ್ನು ಬಣ್ಣಿಸುವ ಅಗತ್ಯವಿಲ್ಲ. ಟ್ರ್ಯಾಕ್ಟರಿನ ಮೇಲೆ ಬಾಬಾಸಾಹೇಬರ ಆಳೆತ್ತರದ ಪಟ, ಮುಂದೆ ತಮಟೆ, ನಮ್ಮ ಹುಡುಗರ ಕುಣಿತ. ಮೆರವಣಿಗೆ ಊರೊಳಗಿನ ಬೀದಿಗೆ ತಿರುಗುವ ಹೊತ್ತಿಗೆ ಕೇರಿಯ ಕಡೆಯಿಂದ ಅವ್ವ ಬಂದಳು. ನೀಲಿ ಸ್ವೆಟರು, ನೀಲಿ ಶಾಲು, ಹವಾಯಿ ಚಪ್ಪಲಿಯ ಉಂಗುಷ್ಟಕ್ಕೆ ಸಿಕ್ಕಿಸಿಕೊಂಡ ನೀಲಿ ಕಾಲುಚೀಲ. ಮುಖದಲ್ಲಿ ಬೆವರು ಧಾರೆಧಾರೆ. ಹುಡುಗರು ಕುಣಿಯುವುದನ್ನು ಮರೆತು ನೋಡಿದರು.

ನಾನು ಓಡಿಹೋಗಿ, "ಅವ್ವಾ, ಬಿಸ್ಲು ಕಣವ್ವಾ, ತಲೆ ತಿರುಗಿ ಬೀಳ್ತೀಯ, ಬಿಚ್ಚು" ಅಂದೆ.

ಅವ್ವ ಟ್ರ್ಯಾಕ್ಟರಿನ ಕಡೆ ಕತ್ತೆತ್ತಿದಳು.

"ಅವ್ರು ಬಿಚ್ಚವ್ರಾ?"

ಚಿಕ್ಕವ್ವ ತನ್ನ ಸೆರಗಿನಿಂದ ಅವ್ವನ ಕತ್ತು ಒರೆಸಿ ಪಕ್ಕಕ್ಕೆ ಬಂದು ನಿಂತಳು. ತಮಟೆ ಮತ್ತೆ ಶುರುವಾಯಿತು. ಗೌಡರ ಮನೆಯ ಮುಂದೆ ಬಂದಾಗ ಗೌಡ್ತಿ ಜಗಲಿಯ ಮೇಲಿದ್ದಳು. ಅವ್ವ ಅಲ್ಲಿ ಒಂದು ಗಳಿಗೆ ನಿಂತು, ಸ್ವೆಟರಿನ ಬಿಚ್ಚಿಹೋಗಿದ್ದ ಮೇಲಿನ ಗುಂಡಿಯನ್ನು ಹಾಕಿಕೊಂಡು ಮುಂದೆ ನಡೆದಳು.