ಸಕಾರದ ಮುಳ್ಳು

ಮನುಷ್ಯನಿಗೆ ದೊರೆತ ಸಂಪತ್ತುಗಳಲ್ಲಿ ಮಾತು ಹಿರಿದು. ಹನ್ನೆರಡನೆಯ ಶತಮಾನದ ಶರಣರ ಅನುಭಾವದ ನುಡಿಗಳಿಗೆ ‘ವಚನ’ವೆಂಬ ಹೆಸರೇ ನಿಂತಿತು. ಆದರೆ ಆಡಿದ ಮಾತು ಕೇಳುವವನ ಕಿವಿಯನ್ನು ಸೇರಿ ಮನಸ್ಸಿಗಿಳಿಯದಿದ್ದರೆ ಅದು ಬರಿಯ ಸದ್ದಾಗಿ ಉಳಿಯುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಲ್ಲಿ ಇಂದು ಧ್ವನಿವರ್ಧಕವಿಲ್ಲದೆ ಯಾವ ಸಮಾರಂಭವೂ ನಡೆಯದು. ಮೇಲುಕೋಟೆಯ ವೈರಮುಡಿಯಿರಲಿ, ಹೇಮಗಿರಿಯ ದನಗಳ ಜಾತ್ರೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಎಲ್ಲಕ್ಕಿಂತ ಮೊದಲು ಬರುವುದು ಮೈಕ್‌ಸೆಟ್ಟು. ಸದ್ದಿಗೆ ಬರವಿಲ್ಲ, ಬರವಿರುವುದು ಸ್ಪಷ್ಟತೆಗೆ.

ಈ ಸೀಮೆಯ ಪ್ರೌಢಶಾಲೆಯೊಂದರ ಪ್ರಾರ್ಥನಾ ಮಂದಿರದಲ್ಲಿ ಎರಡು ಧ್ವನಿಪೆಟ್ಟಿಗೆಗಳಿದ್ದವು. ಒಂದೊಂದರಲ್ಲಿಯೂ ಎಂಟು ಓಮಿನ ಒಂದೇ ಸ್ಪೀಕರು. ಮಂದ್ರದಿಂದ ತಾರದವರೆಗೆ ಎಲ್ಲ ಸ್ವರಗಳನ್ನೂ ಅದೊಂದೇ ನುಡಿಸಬೇಕು. ಅವುಗಳ ಉಸ್ತುವಾರಿಯನ್ನು ಹಲವು ವರ್ಷಗಳಿಂದ ವಿಜ್ಞಾನದ ಮೇಷ್ಟ್ರೊಬ್ಬರು ಹೊತ್ತಿದ್ದರು. ನಿವೃತ್ತರಾದ ಮೇಲೂ ಅವರು ಪಾಂಡವಪುರದ ಕಡೆಯಿಂದ ಬಸ್ಸು ಹಿಡಿದು ಬಂದು ತಂತಿ ಜೋಡಿಸಿ, ಗುಂಡಿ ತಿರುಗಿಸಿ ಹೋಗುತ್ತಿದ್ದರು. ವರ್ಷದಿಂದ ವರ್ಷಕ್ಕೆ ಪೆಟ್ಟಿಗೆಯ ದನಿ ಮಂಕಾಗುತ್ತಿದೆಯೆಂದು ಅವರಿಗೆ ತೋರುತ್ತಿತ್ತು. ಅದಕ್ಕಾಗಿ ಟ್ರೆಬಲ್ ಗುಂಡಿಯನ್ನು ವರ್ಷವರ್ಷವೂ ಒಂದಿಷ್ಟು ಏರಿಸುತ್ತ ಬಂದರು.

ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಅಳುಕುತ್ತ ಹೇಳಿದಳು: “ಸಾರ್, ಮಾತು ಕೇಳ್ತದೆ, ಅರ್ಥ ಆಗಲ್ಲ. ಸ ಅಂದಾಗಲೆಲ್ಲ ಕಿವಿಗೆ ಮುಳ್ಳು ಚುಚ್ಚಿದಂಗಾಗ್ತದೆ.”

ಮೇಷ್ಟ್ರಿಗೆ ಆ ಮುಳ್ಳು ಎಂದೂ ತಾಗಿರಲಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರಧ್ವನಿಗಳನ್ನೇ ಎಂಬುದನ್ನು ಅವರು ಮಕ್ಕಳಿಗೆ ಎಷ್ಟೋ ಬಾರಿ ಪಾಠ ಹೇಳಿದ್ದರು. ಆ ಪಾಠ ತಮ್ಮನ್ನೇ ಕುರಿತದ್ದೆಂದು ಅವರಿಗೆ ಅಂದು ತಿಳಿಯಿತು. ಮಂಕಾದದ್ದು ಪೆಟ್ಟಿಗೆಯ ದನಿಯಲ್ಲ, ತಮ್ಮ ಕಿವಿ. ಅದರ ದಂಡವನ್ನು ತೆತ್ತವರು ಮಕ್ಕಳು. ಆ ಸಂಜೆ ಅವರು ಯಾರೊಡನೆಯೂ ಹೆಚ್ಚು ಮಾತನಾಡದೆ ಊರಿಗೆ ಹಿಂದಿರುಗಿದರು.

ಈ ಮುಳ್ಳು ಹುಟ್ಟುವ ಬಗೆ ಸ್ವಾರಸ್ಯವಾದುದು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಕಾಗದದ ಕೋನಿನ ಸ್ಪೀಕರಿಗೆ ಮಾದರಿಯನ್ನು 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಪ್ರಕಟಿಸಿದರು. ಅಯಸ್ಕಾಂತದ ನಡುವೆ ತೂಗುವ ಸುರುಳಿಗೆ ಕೋನು ಅಂಟಿಕೊಂಡಿರುತ್ತದೆ. ಸುರುಳಿ ಆಡಿದಂತೆ ಅದು ಆಡುತ್ತದೆ. ಬಾಳೆಯೆಲೆಯನ್ನು ದಂಟು ಹಿಡಿದು ಮೆಲ್ಲಗೆ ಆಡಿಸಿದರೆ ಇಡೀ ಎಲೆ ಒಟ್ಟಿಗೆ ಚಲಿಸುತ್ತದೆ. ಬಿರುಸಾಗಿ ಅಲುಗಿಸಿದರೆ ನಡು ಒಂದು ಕಡೆಗೂ ಅಂಚು ಇನ್ನೊಂದು ಕಡೆಗೂ ಬಳುಕುತ್ತವೆ. ಕೋನಿನ ಸ್ಥಿತಿಯೂ ಇದೇ. ಸೆಕೆಂಡಿಗೆ ಕೆಲವು ಸಾವಿರ ಕಂಪನಗಳಾದಾಗ ಕಾಗದ ತುಂಡುತುಂಡಾಗಿ ಬಳುಕತೊಡಗುತ್ತದೆ. ಯಾವುದೋ ಒಂದು ಕಂಪನಾಂಕದಲ್ಲಿ ಆ ಬಳುಕು ತಾನೇ ತಾನಾಗಿ ಬೆಳೆದು ಕಿರುಚುತ್ತದೆ. ಇದೇ ಅನುರಣನ. ದುರ್ದೈವವೆಂದರೆ, ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವ 2000ದಿಂದ 5000 ಹರ್ಟ್ಸ್‌ಗಳ ನಡುವೆಯೇ ಅದು ಅನೇಕ ವೇಳೆ ತಲೆಯೆತ್ತುತ್ತದೆ.

ಅನುರಣನ ತಾನಾಗಿ ಕೆಟ್ಟದ್ದಲ್ಲ. ಕಂಚು ಹಿತ್ತಾಳೆಗಳ ಎರಕಕ್ಕೆ ಹೆಸರಾದ ನಾಗಮಂಗಲದ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಟೆಗೆ ಅದೇ ಪ್ರಾಣ. ಆದರೆ ಗಂಟೆ ತನ್ನ ನಾದವನ್ನು ತಾನು ನುಡಿಯುವಂಥದು. ಸ್ಪೀಕರು ಇನ್ನೊಬ್ಬರ ಮಾತನ್ನು ಒಯ್ಯುವಂಥದು. ಒಯ್ಯುವವನು ನಡುವೆ ತನ್ನ ಮಾತನ್ನು ಸೇರಿಸಬಾರದು.

ನಮ್ಮ ಮೃದಂಗವಾದರೂ ಇದೇ ಪಾಠವನ್ನು ಹೇಳುತ್ತದೆ. ಕಪ್ಪು ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು ಬಲಭಾಗದ ಚರ್ಮಕ್ಕೆ ಪದರಪದರವಾಗಿ ಹಚ್ಚುವ ಕರಣೆ, ಚರ್ಮದ ಅಡ್ಡಾದಿಡ್ಡಿ ಕಂಪನಗಳನ್ನು ಶ್ರುತಿಬದ್ಧವಾಗಿಸುತ್ತದೆ ಎಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿಯೇ ಸಹೋದ್ಯೋಗಿಯೊಬ್ಬರೊಡನೆ ವಿವರಿಸಿದ್ದರು. ಕರಣೆ ಚರ್ಮವನ್ನು ಮೂಕಗೊಳಿಸುವುದಿಲ್ಲ, ತಿದ್ದುತ್ತದೆ.

ಮೇಷ್ಟ್ರು ಮೊದಲು ಟ್ರೆಬಲ್ ಗುಂಡಿಯನ್ನು ಪೂರ್ತಿ ಇಳಿಸಿದರು. ಚುಚ್ಚುವುದು ನಿಂತಿತು; ಜೊತೆಗೆ ಸ, ಶ, ಷಗಳ ಭೇದವೂ ಅಳಿಯಿತು. ಪೆಟ್ಟಿಗೆಯೊಳಗೆ ಹತ್ತಿ ತುಂಬಿದರು. ಪೆಟ್ಟಿಗೆಯ ಗುಂಯ್‌ಗುಟ್ಟುವಿಕೆ ತಗ್ಗಿತೇ ಹೊರತು ಕಾಗದದ ಕಿರುಚು ತಗ್ಗಲಿಲ್ಲ. ತಾರಧ್ವನಿ ಸ್ಪೀಕರಿನ ನೇರಕ್ಕೆ ಬಾಣದಂತೆ ಹೋಗುವುದರಿಂದ ಪೆಟ್ಟಿಗೆಗಳನ್ನು ತುಸು ಓರೆಯಾಗಿಸಿದರು. ಅದರಿಂದ ಸ್ವಲ್ಪ ಫಲ ದೊರೆಯಿತು. ಕೋನಿಗೆ ಮೆರುಗೆಣ್ಣೆ ಬಳಿಯುವ ಉಪಾಯವೂ ಉಂಟು. ಆದರೆ ಒಮ್ಮೆ ಬಳಿದುದನ್ನು ತೆಗೆಯಲಾಗದು. ಹೆಚ್ಚಾದರೆ ಭಾರಕ್ಕೆ ದನಿಯೇ ಕುಗ್ಗುತ್ತದೆ. ಆದ್ದರಿಂದ ಅದನ್ನು ಕೈಬಿಟ್ಟರು.

ಕೊನೆಗೆ ಅವರು ಮಾಡಿದ್ದು ತಮ್ಮ ಕಿವಿಯನ್ನು ಬದಿಗಿಟ್ಟು ಮಕ್ಕಳ ಕಿವಿಯನ್ನು ನಂಬಿದ್ದು. ಹತ್ತನೆಯ ತರಗತಿಯವರನ್ನು ಮಂದಿರದಲ್ಲಿ ಕೂರಿಸಿ, ಮೊಬೈಲಿನಿಂದ ಒಂದೇ ಸ್ವರವನ್ನು ತಗ್ಗಿನ ಮಟ್ಟದಲ್ಲಿ ಮೆಲ್ಲನೆ ಏರಿಸುತ್ತ ಹೋದರು. ಚುಚ್ಚಿದಾಗ ಕೈಯೆತ್ತಬೇಕು. 3400 ಹರ್ಟ್ಸ್‌ನ ಸುಮಾರಿಗೆ ಎಲ್ಲ ಕೈಗಳೂ ಮೇಲೆದ್ದವು. ಮೇಷ್ಟ್ರಿಗೆ ಆಗ ಕೇಳುತ್ತಿದ್ದುದು ಸಾಧಾರಣವಾದೊಂದು ಸಿಳ್ಳು ಮಾತ್ರ.

ಮುಂದಿನ ಕೆಲಸ ಸುಲಭವಾಯಿತು. 0.22 ಮಿಲಿಹೆನ್ರಿಯ ಸುರುಳಿ, ಧನ–ಋಣ ಭೇದವಿಲ್ಲದ 10 ಮೈಕ್ರೋಫ್ಯಾರಡಿನ ಕೆಪಾಸಿಟರು, 8 ಓಮಿನ ರೋಧಕ — ಈ ಮೂರನ್ನೂ ಸಮಾಂತರವಾಗಿ ಜೋಡಿಸಿ, ಸ್ಪೀಕರಿಗೆ ಹೋಗುವ ಒಂದು ತಂತಿಯ ನಡುವೆ ಸೇರಿಸಿದರು. ಮಂದ್ರಧ್ವನಿಯ ವಿದ್ಯುತ್ತು ಸುರುಳಿಯ ದಾರಿಯಲ್ಲಿ ನಿರಾಯಾಸವಾಗಿ ಸಾಗುತ್ತದೆ. ಅತಿ ತಾರದ್ದು ಕೆಪಾಸಿಟರಿನ ದಾರಿಯಲ್ಲಿ. ನಡುವೆ 3400ರ ಬಳಿ ಮಾತ್ರ ಆ ಎರಡು ದಾರಿಗಳೂ ಮುಚ್ಚಿ, ವಿದ್ಯುತ್ತು ರೋಧಕವನ್ನೇ ಹಾಯಬೇಕು. ಅಲ್ಲಿ ಸ್ಪೀಕರಿಗೆ ಸಲ್ಲುವ ವೋಲ್ಟೇಜು ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಎಂದರೆ ಸುಮಾರು 6 ಡೆಸಿಬೆಲ್ ತಗ್ಗು. ಕಿರುಚು ಇಳಿಯಿತು, ಅಕ್ಷರ ಉಳಿಯಿತು.

ಅಷ್ಟರಲ್ಲಿ ಕೃಷ್ಣರಾಜಪೇಟೆಯ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬರು ಇನ್ನೂ ದೊಡ್ಡ ಮೈಕ್‌ಸೆಟ್ಟನ್ನು ಕೊಡಿಸಲು ಮುಂದಾಗಿದ್ದರು. “ದೊಡ್ಡದು ಬೇಡಪ್ಪ, ಇದೇ ಸಾಕು. ಆ ಹಣದಲ್ಲಿ ಪುಸ್ತಕ ಕೊಡಿಸು” ಎಂದರು ಮೇಷ್ಟ್ರು. ಅವರೂ ಸಂತೋಷದಿಂದ ಒಪ್ಪಿದರು.

ಗುಂಡಿಗಳ ಉಸ್ತುವಾರಿ ಅಂದಿನಿಂದ ಆ ಹುಡುಗಿಯದಾಯಿತು. ಒಂದು ದೋಷಕ್ಕಾಗಿ ಇಡೀ ದನಿಯನ್ನು ಅಡಗಿಸುವುದು ಸುಲಭ. ದೋಷವಿರುವ ಎಡೆಯನ್ನು ಹುಡುಕಿ ಅಷ್ಟನ್ನೇ ಮೃದುವಾಗಿಸುವುದು ತಾಳ್ಮೆಯ ಕೆಲಸ. ಶಿಕ್ಷಕನಾದವನು ಮಕ್ಕಳ ವಿಷಯದಲ್ಲಿ ಮಾಡಬೇಕಾದದ್ದೂ ಅದೇ ಅಲ್ಲವೆ? ಮೇಷ್ಟ್ರು ಈಗ ಪ್ರಾರ್ಥನೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಸಕಾರ ಅವರಿಗೆ ಮೊದಲಿನಂತೆಯೇ ಮಸುಕು. ಆದರೆ ಮುಂದಿರುವ ಮಕ್ಕಳ ಮುಖಗಳನ್ನು ನೋಡಿದರೆ ಮಾತು ಮುಟ್ಟಿದುದು ಅವರಿಗೆ ತಿಳಿಯುತ್ತದೆ.