ಅಮ್ಮನ ಮೈಲಿಗಳು

ನಡೆದ ದಾರಿಯನ್ನು ಯಾರೂ ಕಿತ್ತುಕೊಳ್ಳಲಾರರು. ಹಾರಿದ ದಾರಿಯ ವಿಷಯ ಹಾಗಲ್ಲ. ವಿಮಾನದಲ್ಲಿ ಹೋಗಿಬಂದರೆ ಕಂಪನಿಯವರು ನಮ್ಮ ಹೆಸರಿಗೆ ಒಂದಿಷ್ಟು ‘ಮೈಲಿ’ ಜಮಾ ಮಾಡುತ್ತಾರೆ. ಸಾಕಷ್ಟು ಕೂಡಿದರೆ ಅದರಲ್ಲೇ ಟಿಕೆಟ್ ಸಿಗುತ್ತದೆ. ಆದರೆ ಬಹಳಷ್ಟು ಕಡೆ ಆ ಮೈಲಿಗಳಿಗೆ ಆಯಸ್ಸು ಇಷ್ಟೇ ಎಂದಿರುತ್ತದೆ.

ನಮ್ಮ ಮನೆಯಲ್ಲಿ ಈ ಆಸ್ತಿ ಇರುವುದು ಅಮ್ಮನ ಹೆಸರಿನಲ್ಲಿ. ಅಕ್ಕ ಇರುವುದು ಡಲ್ಲಾಸ್‌ನಲ್ಲಿ. ಅವಳ ಎರಡು ಬಾಣಂತನಕ್ಕೆ ಅಮ್ಮ ಎರಡು ಸಲ ಹೋಗಿಬಂದಳು, ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಬಜೆ, ಮಗುವಿಗೆ ಸುತ್ತಲು ಹಳೆಯ ಹತ್ತಿಸೀರೆ ತುಂಬಿಕೊಂಡು. ಆ ಪ್ರಯಾಣಗಳ ಮೈಲಿಗಳು ಅವಳ ಖಾತೆಯಲ್ಲಿವೆ. ಖಾತೆ ತೆರೆದವನು ನಾನು, ಪಾಸ್‌ವರ್ಡ್ ಗೊತ್ತಿರುವವನೂ ನಾನೇ. ಮನೆಯ ಮಟ್ಟಿಗೆ ನನ್ನ ಸಂಶೋಧನೆಯಿಂದ ಸದ್ಯಕ್ಕೆ ಆಗಿರುವ ಉಪಯೋಗ ಇಷ್ಟೇ.

ಮೈಲಿ ಜಮಾ ಮಾಡುವ ಈ ಪದ್ಧತಿಯನ್ನು ದೊಡ್ಡದಾಗಿ ಶುರುಮಾಡಿದ್ದು ಅಮೆರಿಕನ್ ಏರ್‌ಲೈನ್ಸ್, 1981ರ ಮೇ ತಿಂಗಳಲ್ಲಿ. ಈಗ ಒಂದೊಂದು ಕಂಪನಿಯದು ಒಂದೊಂದು ನಿಯಮ. ಸಿಂಗಪುರ ಏರ್‌ಲೈನ್ಸ್‌ನ ಮೈಲಿಗಳು ಗಳಿಸಿದ 3 ವರ್ಷಕ್ಕೆ ಮುಗಿಯುತ್ತವೆ. ನಡುವೆ ಎಷ್ಟು ಹಾರಿದರೂ ಹಳೆಯವುಗಳ ಗಡುವು ಮುಂದಕ್ಕೆ ಹೋಗದು. ಬ್ರಿಟಿಷ್ ಏರ್‌ವೇಸ್‌ನಲ್ಲಿ 36 ತಿಂಗಳು, ಅಮೆರಿಕನ್‌ನಲ್ಲಿ 24 ತಿಂಗಳು ಖಾತೆ ಸುಮ್ಮನೆ ಬಿದ್ದಿದ್ದರೆ ಇದ್ದದ್ದೆಲ್ಲ ಹೋಗುತ್ತದೆ. ಅಷ್ಟರೊಳಗೆ ಒಂದು ಚೂರು ಗಳಿಸಿದರೂ, ಖರ್ಚು ಮಾಡಿದರೂ ಗಡುವಿನ ಎಣಿಕೆ ಮತ್ತೆ ಮೊದಲಿನಿಂದ. ಡೆಲ್ಟಾ 2011ರಲ್ಲಿ, ಯುನೈಟೆಡ್ 2019ರಲ್ಲಿ ಗಡುವನ್ನೇ ತೆಗೆದುಹಾಕಿದವು.

ಅಮ್ಮನ ಖಾತೆ ಎರಡನೆಯ ಬಗೆಯದು. ಅಲ್ಲಿ ಆಗಾಗ ‘ಚಟುವಟಿಕೆ’ ಕಾಣಬೇಕು, ಅಷ್ಟೆ. ಹಾರಲೇಬೇಕೆಂದಿಲ್ಲ. ಅವರ ಜಾಲತಾಣದ ಮೂಲಕ ಏನಾದರೂ ಕೊಳ್ಳಬಹುದು, ಹೋಟೆಲಿನ ಅಂಕಗಳನ್ನು ವರ್ಗಾಯಿಸಬಹುದು, ಸ್ವಲ್ಪ ಮೈಲಿ ದಾನ ಮಾಡಬಹುದು. ದುಡ್ಡು ಬೇಡದ ದಾರಿ ದಾನವೊಂದೇ, ಅದನ್ನೇ ಹಿಡಿದೆ. ಅಪ್ಪ ನಕ್ಕರು: “ದಾನ ಕೊಟ್ಟರೆ ಆಯಸ್ಸು ಹೆಚ್ಚುತ್ತೆ ಅಂತ ಪುರಾಣದಲ್ಲಿ ಕೇಳಿದ್ದೆ ಕಣೋ, ಈಗ ಕಣ್ಣಾರೆ ಕಂಡೆ.”

ಈ ಚಟುವಟಿಕೆಯ ಲೆಕ್ಕ ನನಗೆ ಹೊಸದಲ್ಲ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಡದಿದ್ದರೆ ನನ್ನ ಪಿಎಚ್‌ಡಿ ನೋಂದಣಿಗೂ ಕುತ್ತು. ಮುಗಿಸಿದೆಯಾ ಅಂತ ಕೇಳುವ ವರದಿಯಲ್ಲ ಅದು, ಇದ್ದೀಯಾ ಅಂತ ಕೇಳುವ ವರದಿ.

ಬಳಸದೆ ಉಳಿದ ಮೈಲಿ ಕಂಪನಿಯ ಲೆಕ್ಕಪುಸ್ತಕದಲ್ಲಿ ನಮಗೆ ಸಲ್ಲಬೇಕಾದ ಬಾಕಿ. ಆದರೆ ಅದರಲ್ಲಿ ಒಂದು ಪಾಲನ್ನು ಯಾರೂ ಕೇಳಿಕೊಂಡು ಬರುವುದಿಲ್ಲ ಎಂದು ಅವರು ಮೊದಲೇ ಅಂದಾಜು ಮಾಡಿರುತ್ತಾರೆ. ನಮ್ಮ ಮರೆವು ಅವರ ಆದಾಯ. ಮರೆಯದೆ ಕಾಪಾಡಿಕೊಂಡರೂ ಪೂರ್ತಿ ನಿಶ್ಚಿಂತೆಯಿಲ್ಲ. ಒಂದು ಟಿಕೆಟ್‌ಗೆ ಎಷ್ಟು ಮೈಲಿ ಬೇಕೆಂಬುದನ್ನು ಅವರು ಏರಿಸುತ್ತ ಹೋದರೆ ಗಂಟು ಇದ್ದಲ್ಲೇ ಕರಗುತ್ತದೆ.

ಹಾಗಾದರೆ ಯಾರಿಗಾಗಿ ಈ ಕಾಪಾಡುವಿಕೆ? ಅಮ್ಮನಿಗೆ ಈಗ ಮಂಡಿನೋವು. ಅಷ್ಟು ದೂರ ಕೂತು ಹೋಗಲಾರಳು. ಅದನ್ನು ನಾವ್ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಗಡುವು ಮುಂದೆ ಹೋದಾಗಲೆಲ್ಲ ಅವಳು ಇನ್ನೊಮ್ಮೆ ಹೋಗುತ್ತಾಳೆ ಎಂಬ ಮಾತಿಗೂ ಒಂದಿಷ್ಟು ತಿಂಗಳು ಸಿಗುತ್ತಿತ್ತು. ಕೊನೆಗೆ ಅವಳೇ ಕೇಳಿದಳು: “ನಾನೇ ಹೋಗಬೇಕಾ? ಅದರಲ್ಲಿ ಅವಳು ಬರೋಕಾಗಲ್ವಾ?”

ಆಗುತ್ತದೆ. ನಮ್ಮ ಮೈಲಿಯಲ್ಲಿ ಇನ್ನೊಬ್ಬರ ಹೆಸರಿಗೆ ಟಿಕೆಟ್ ಮಾಡಿಸಬಹುದು. ಅಕ್ಕ ಬಂದು ನಾಲ್ಕು ವರ್ಷವಾಯಿತು. ಅವಳ ಮೈಲಿಯನ್ನೂ ಕೂಡಿಸಿಕೊಂಡರೆ ಅವಳೊಬ್ಬಳು ಇಲ್ಲಿಗೆ ಬರುವ ಟಿಕೆಟ್ ಸಿಗುತ್ತದೆ. ಅದರ ಮೇಲಿನ ತೆರಿಗೆ, ಶುಲ್ಕವನ್ನು ನನ್ನ ಫೆಲೋಶಿಪ್ ತಡೆದುಕೊಳ್ಳುತ್ತದೆ. ಮಕ್ಕಳ ಟಿಕೆಟ್, ಹಿಂದಿರುಗುವ ಖರ್ಚು ಭಾವನ ಪಾಲಿಗೆ.

ಗೌರಿ ಹಬ್ಬಕ್ಕೆ ಹೆಣ್ಣುಮಗಳನ್ನು ತವರಿಗೆ ಕರೆತರಲು ಅಣ್ಣನೋ ತಮ್ಮನೋ ಹೋಗುವ ರೂಢಿ ನಮ್ಮ ಕಡೆ ಇತ್ತು. ಡಲ್ಲಾಸ್‌ಗೆ ನಾನು ಹೋಗಲಾರೆ. ಬಾಣಂತನಕ್ಕೆ ಅಮ್ಮ ಹಾರಿದ ದಾರಿಯೇ ಈ ಸಲ ಹೋಗಿ ಅವಳನ್ನು ಕರೆದುಕೊಂಡು ಬರಲಿ. ಆಮೇಲೆ ಖಾತೆಯಲ್ಲಿ ಸೊನ್ನೆ ಉಳಿದರೆ ಉಳಿಯಲಿ, ಸೊನ್ನೆಗೆ ಗಡುವಿಲ್ಲ.